ಯಾರೂ ಅಣಕಿಸದ ಮೇಷ್ಟರು

ಜನವರಿ ೬, ಸೋಮವಾರ

ನಾಲಿಗೆಗೆ ನುಡಿಯನ್ನೂ ನುಡಿಗೆ ಅರ್ಥವನ್ನೂ ಅರ್ಥಕ್ಕೆ ಅಂಕೆಯನ್ನೂ ಕರುಣಿಸಿದ ಜಗದೊಡೆಯನಿಗೆ ತಲೆಬಾಗಿ ವಂದಿಸಿ, ಶಾಲಾವರ್ಷದ ಕಡೆಯ ಅವಧಿ ಮೊದಲಾದ ಈ ಸೋಮವಾರದ ಪ್ರಾತಃಕಾಲದಲ್ಲಿ, ಅದೇ ನನ್ನ ಅಧ್ಯಾಪನ ವೃತ್ತಿಯ ಕಡೆಯ ಅವಧಿಯೂ ಆಗಿರುವುದನ್ನು ನೆನೆದು, ಈ ದಿನಚರಿಯನ್ನು ತೊಡಗುತ್ತಿದ್ದೇನೆ. ಇದನ್ನು ಓದುವವನು ನಾನೊಬ್ಬನೇ. ಅರ್ಥಾತ್, ಇಲ್ಲಿ ಸುಳ್ಳು ಬರೆದರೆ ಮೋಸಹೋಗುವವನೂ ನಾನೊಬ್ಬನೇ.

ಪ್ರೌಢಶಾಲೆಯ ಭಾಷಾಧ್ಯಾಪಕನಾಗಿ ತಲೆ ನರೆಸಿಕೊಂಡೆ. ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯುಂಟು. ಹತ್ತನೆಯ ತರಗತಿಯವರು ಶಾಲೆ ಬಿಡುವ ಮುನ್ನ, ಬೀಳ್ಕೊಡುಗೆಯ ದಿನ, ವೇದಿಕೆಯ ಮೇಲೆ ತಮ್ಮ ಅಧ್ಯಾಪಕರನ್ನು ಅಣಕಿಸುತ್ತಾರೆ. ಒಬ್ಬಳು ಮುಖ್ಯೋಪಾಧ್ಯಾಯಿನಿಯವರ ಕೆಮ್ಮನ್ನು ಕೆಮ್ಮಿದರೆ, ಇನ್ನೊಬ್ಬ ವ್ಯಾಯಾಮದ ಮೇಷ್ಟರ ಸೀಟಿಯನ್ನು ಊದುತ್ತಾನೆ. ನನ್ನನ್ನು ಮಾತ್ರ ಈವರೆಗೆ ಯಾವ ತಂಡದವರೂ ಅಣಕಿಸಿದ್ದಿಲ್ಲ. ಅದನ್ನು ಗೌರವವೆಂದೇ ಎಣಿಸಿ, ಮುಂದಿನ ಸಾಲಿನಲ್ಲಿ ಕುಳಿತು, ಪರರ ಅಣಕವನ್ನು ನೋಡಿ ಗಾಂಭೀರ್ಯ ಕೆಡದಷ್ಟು ನಗುತ್ತ ಬಂದಿದ್ದೇನೆ.

ಇಂದು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರಿಗೂ ಚಹಾ ಬಂದು, ವರ್ಷದ ನಡುವೆ ಸೇರಿಕೊಂಡ ಗಣಿತದ ಮೇಷ್ಟರಿಗೆ ಮಾತ್ರ ಬರಲಿಲ್ಲ. ಕಿರಿಯ ವಯಸ್ಸು, ದುಂಡು ಮುಖ, ಇಸ್ತ್ರಿಯ ಸುಳಿವಿಲ್ಲದ ಅಂಗಿ. ಆತ ಖಾಲಿ ತಟ್ಟೆಯನ್ನು ನೋಡಿ, "ಲೆಕ್ಕದ ಮೇಷ್ಟ್ರನ್ನೇ ಲೆಕ್ಕಕ್ಕೆ ಇಟ್ಕೊಳ್ಳಲಿಲ್ವಲ್ಲ" ಎಂದ. ಮುಖ್ಯೋಪಾಧ್ಯಾಯಿನಿಯವರು ನಕ್ಕು ನಕ್ಕು ಕೆಮ್ಮಿದರು. ಹುಡುಗರು ಈತನನ್ನು 'ಸೊನ್ನೆ ಸರ್' ಎಂದು ಕರೆಯುತ್ತಾರಂತೆ. ಬಂದ ದಿನವೇ ಆತ, "ನಾನು ಸೊನ್ನೆ, ನನ್ನೊಬ್ಬನನ್ನೇ ನಿಲ್ಲಿಸಿದ್ರೆ ಬೆಲೆ ಇಲ್ಲ, ಪಕ್ಕದಲ್ಲಿ ನಿಲ್ಲಿಸ್ಕೊಂಡ್ರೆ ನಿಮ್ಮ ಬೆಲೆನೇ ಹತ್ತರಷ್ಟಾಗತ್ತೆ" ಎಂದು ಹೇಳಿಕೊಂಡನಂತೆ. ಅಹಂಕಾರಕ್ಕೆ ವಿನಯದ ಅಂಗಿ ತೊಡಿಸಿದ ಮಾತು. ಚೆನ್ನಾಗಿದೆಯೆಂದು ಒಪ್ಪಬೇಕಾಗಿರುವುದೇ ಸಂಕಟ.

ಜನವರಿ ೯, ಗುರುವಾರ

ನನ್ನ ಕೊಠಡಿಗೂ ಗಣಿತದ ಕೊಠಡಿಗೂ ನಡುವೆ ಇರುವುದು ಮರದ ಹಲಗೆಯ ಅಡ್ಡಗೋಡೆ. ಇಂದು ಒಂಬತ್ತನೆಯ ತರಗತಿಗೆ, ಅರಸನೊಬ್ಬನು ಮಡಿದ ಮಗನನ್ನು ತೊಡೆಯ ಮೇಲಿರಿಸಿಕೊಂಡು ಶೋಕಿಸುವ ಪದ್ಯವನ್ನು ಹೇಳುತ್ತಿದ್ದೆ. ಅರಸನು ಬಾಯಿ ತೆರೆದು ಮೊದಲ ನಿಟ್ಟುಸಿರನ್ನು ಬಿಡುವಷ್ಟರಲ್ಲಿ ಹಲಗೆಯ ಆಚೆಯಿಂದ ನಗೆಯ ಹೊಳೆಯೇ ಹರಿಯಿತು. ಯಾರೋ ಭಾಗಾಕಾರ ಬರುವುದಿಲ್ಲವೆಂದಿರಬೇಕು. "ಭಾಗ ಹೋಗ್ಲಿ, ಆಕಾರನಾದ್ರೂ ನೆಟ್ಟಗೆ ಬರಿಯೋ" ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು. ಒಬ್ಬ ಹುಡುಗ, ವರ್ಗಮೂಲವೆಂದರೆ ನಮ್ಮ ವರ್ಗದ ಮೂಲೆಯೇ ಎಂದು ಕೇಳಿದ. ಹೌದು, ಅದನ್ನು ಕಂಡುಹಿಡಿಯಲು ನಿನ್ನನ್ನು ಹುಡುಕಿದರೆ ಸಾಕು ಎಂದು ಮೇಷ್ಟರ ಉತ್ತರ ಬಂತು.

ನನ್ನ ವಿದ್ಯಾರ್ಥಿಗಳೆಲ್ಲರ ಕಿವಿಯೂ ಆ ಕಡೆಗಿತ್ತು. ಅರಸನ ಮಗ ಇಂದು ಎರಡನೆಯ ಬಾರಿ ಸತ್ತ, ಅಳುವವರಿಲ್ಲದೆ.

ಇದನ್ನು ಮತ್ಸರವೆಂದು ಯಾರೂ ತಿಳಿಯಬಾರದು. ಇದು ಕೇವಲ ಶಬ್ದಮಾಲಿನ್ಯದ ವಿಚಾರ.

ಜನವರಿ ೧೫, ಬುಧವಾರ

ಕಿಟಕಿಯ ಬಳಿ ಬಿಸಿಲು ಹೆಚ್ಚೆಂದು ನನ್ನ ಕುರ್ಚಿಯನ್ನು ಹಲಗೆಯ ಗೋಡೆಯ ಪಕ್ಕಕ್ಕೆ ಸರಿಸಿಕೊಂಡೆ. ಬಿಡುವಿನ ಅವಧಿಯಲ್ಲಿಯೂ ಅಲ್ಲಿಯೇ ಕುಳಿತು ಉತ್ತರಪತ್ರಿಕೆ ತಿದ್ದುವುದು ಅನುಕೂಲವಾಗಿದೆ. ಇಂದು ಆಚೆಯವರು ತ್ರಿಭುಜವನ್ನು ಕುರಿತು ಏನೋ ಹೇಳಿ ಮುಗಿಸುವ ಮುನ್ನವೇ ಗಂಟೆ ಹೊಡೆಯಿತು. ಗಂಟೆ ಹೊಡೆಯುವವರಿಗೆ ಕಾಲಜ್ಞಾನವಿರಬೇಕು.

ಜನವರಿ ೨೨, ಬುಧವಾರ

ಹಾಸ್ಯವೆಂಬುದು ನವರಸಗಳಲ್ಲಿ ಒಂದಾಗಿರುವಾಗ, ಅದನ್ನು ಗಣಿತದವರಿಗೆ ಗುತ್ತಿಗೆ ಕೊಟ್ಟವರು ಯಾರು? ಹೀಗೆ ಯೋಚಿಸಿ, ನಿನ್ನೆ ಸಂಜೆ ಕುಳಿತು ಒಂದು ಶ್ಲೇಷೆಯನ್ನು ಕಟ್ಟಿದೆ. ಇಂದು ಹತ್ತನೆಯ ತರಗತಿಯಲ್ಲಿ ಒಬ್ಬನ ಪಠ್ಯಪುಸ್ತಕದ ಹೊದಿಕೆ ಕಿತ್ತುಹೋಗಿರುವುದನ್ನು ಕಂಡು, ಸಮಯ ಒದಗಿತೆಂದು ಹರ್ಷಿಸಿ, ಪುಸ್ತಕವನ್ನು ಮೇಲೆತ್ತಿ ಹಿಡಿದು ಹೇಳಿದೆ: "ಈ ಗ್ರಂಥವು ಹರಿದಿದೆ, ಇದರಲ್ಲಿ ಹರಿಯಿಲ್ಲ, ಆದುದರಿಂದ ಇದರಿಂದ ಜ್ಞಾನವೂ ಹರಿಯದು."

ಒಬ್ಬರೂ ನಗಲಿಲ್ಲ. ಗ್ರಹಿಸಲಿಲ್ಲವೇನೋ ಎಂದು ಮೂರು ಕಡೆಯ ಮೂರು ಅರ್ಥಗಳನ್ನೂ ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆದೆ. ಅರ್ಥಾತ್, ನಗಲು ಬೇಕಾದ ಸಕಲ ಸಾಮಗ್ರಿಯನ್ನೂ ಒದಗಿಸಿದೆ. ಎಲ್ಲರೂ ತಲೆಬಗ್ಗಿಸಿ ಬರೆದುಕೊಂಡರು. ಮುಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಸರ್, ಇದು ಎರಡು ಅಂಕಕ್ಕಾ, ನಾಲ್ಕು ಅಂಕಕ್ಕಾ?" ಎಂದು ಕೇಳಿದ.

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಮಾತ್ರ ಬರೆಯದೆ ನನ್ನ ಬಾಯನ್ನೇ ನೋಡುತ್ತ, ತುಟಿಗಳನ್ನು ಸದ್ದಿಲ್ಲದೆ ಆಡಿಸುತ್ತಿದ್ದಳು. ಇವಳಿಗೆ ಗೆಳತಿಯರು 'ರೇಡಿಯೋ' ಎಂದು ಹೆಸರಿಟ್ಟಿದ್ದಾರೆ. ಬಾಯಿಗೆ ಬಿಡುವಿಲ್ಲ, ಅಂಕಗಳಿಗೆ ಏಳಿಗೆಯಿಲ್ಲ. ಗಮನ ಎಲ್ಲಿದೆಯೆಂದು ಗದರಿದೆ.

ಜನವರಿ ೨೮, ಮಂಗಳವಾರ

ಮನೆಯಾಕೆ ಇಂದು ಊಟ ಬಡಿಸುತ್ತ, "ರೀ, ಇತ್ತೀಚೆಗೆ ನೀವು ಒಬ್ಬರೇ ನಗ್ತಾ ಕೂತಿರ್ತೀರಲ್ಲ, ಏನು ಸಮಾಚಾರ?" ಎಂದು ವಿಚಾರಿಸಿದಳು. ನಾನು ನಗುತ್ತಿರಲಿಲ್ಲ, ಗಣಿತದ ಮೇಷ್ಟರ ಇಂದಿನ ಮಾತಿನಲ್ಲಿದ್ದ ದೋಷವನ್ನು ಪರಿಶೀಲಿಸುತ್ತಿದ್ದೆ. ತಡವಾಗಿ ಬಂದ ಹುಡುಗ ಬಸ್ಸು ಸಿಗಲಿಲ್ಲವೆಂದದ್ದಕ್ಕೆ, ನಿನಗೆ ಬಸ್ಸು ಸಿಗಲಿಲ್ಲವೋ ಬಸ್ಸಿಗೆ ನೀನು ಸಿಗಲಿಲ್ಲವೋ ಎಂದು ಆತ ಕೇಳಿದ್ದ. ದೋಷವೇನೆಂದು ತೋರಿಸಲು ಅದನ್ನು ಅವಳಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟು ನಕ್ಕಳು. ನಾನು ಅವಳನ್ನು ಅಷ್ಟು ನಗಿಸಿ ಎಷ್ಟು ಕಾಲವಾಯಿತೋ. ನಕ್ಕದ್ದಾದರೂ ಪರರ ಸರಕಿಗೆ.

"ಅವರನ್ನ ಒಂದಿನ ಮನೆಗೆ ಕರ್ಕೊಂಡು ಬನ್ನಿ" ಎಂದಳು.

ಆತ ಗೆಲ್ಲಲು ಮನೆಯೊಂದು ಉಳಿದಿತ್ತು.

ಫೆಬ್ರವರಿ ೩, ಸೋಮವಾರ

ಬೀಳ್ಕೊಡುಗೆ ಇದೇ ತಿಂಗಳ ಇಪ್ಪತ್ತೊಂದಕ್ಕೆ ನಿಶ್ಚಯವಾಗಿದೆ. ಆ ದಿನದ ಕಾರ್ಯಕ್ರಮಗಳಿಗೆ ಒಪ್ಪಿಗೆ ಕೊಡುವ ಹೊಣೆ ಎಂದಿನಂತೆ ಹಿರಿಯನಾದ ನನ್ನದು. ಈ ವರ್ಷ ಅಣಕದ ಮುಖ್ಯ ಆಕರ್ಷಣೆ ಸೊನ್ನೆ ಸರ್ ಎಂದು ಹೊರಾಂಗಣದಲ್ಲಿ ಮೂರು ಜನ ಹುಡುಗರು ಮಾತಾಡಿಕೊಳ್ಳುವುದನ್ನು ಕೇಳಿದೆ. ಆತ ಸುಣ್ಣದ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮರೆತು ಊರೆಲ್ಲ ಹುಡುಕುವ ರೀತಿಯನ್ನು ಒಬ್ಬ ಮಾಡಿಯೂ ತೋರಿಸಿದ. ತದ್ವತ್ತು.

ಈತ ಬಂದು ವರ್ಷವೂ ತುಂಬಿಲ್ಲ. ನಾನು ಈ ಶಾಲೆಯ ಕಂಬಗಳಿಗಿಂತ ಹಳಬ. ನನ್ನ ನಡಿಗೆ, ನನ್ನ ಕನ್ನಡಕ, ನನ್ನ ದನಿ, ಇವುಗಳಲ್ಲಿ ಒಂದಾದರೂ ಒಂದು ಮಗುವಿನ ನಾಲಿಗೆಯ ಮೇಲೆ ಉಳಿಯುವಷ್ಟು ರುಚಿಯದಾಗಿರಲಿಲ್ಲವೇ? ಪಾಠವನ್ನು ಮರೆಯುತ್ತಾರೆ, ಅದು ಸರಿಯೇ. ಆದರೆ ತಾವು ಅಣಕಿಸಿದವರನ್ನು ಯಾರೂ ಮರೆಯುವುದಿಲ್ಲ; ಹಳೆಯ ವಿದ್ಯಾರ್ಥಿಗಳು ಸೇರಿದಲ್ಲೆಲ್ಲ ಆ ಕೆಮ್ಮು, ಆ ಸೀಟಿ ಮತ್ತೆ ಮತ್ತೆ ಎದ್ದು ಕೂರುತ್ತವೆ. ಮಾರ್ಚ್ ಕೊನೆಗೆ ನಾನು ಗೇಟು ದಾಟುವಾಗ ನನ್ನ ಹಿಂದೆ ಏನು ಉಳಿದೀತು? ನಾನು ಗೌರವವೆಂದು ಇಷ್ಟು ಕಾಲ ಎಣಿಸಿದ್ದು ಬರಿಯ ಮರೆವಾಗಿದ್ದರೆ?

ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಯವರಲ್ಲಿಗೆ ಹೋಗಿ, ಗುರುಗಳನ್ನು ಹಾಸ್ಯಾಸ್ಪದರನ್ನಾಗಿಸುವ ಅಣಕವು ಶಾಲೆಯ ಘನತೆಗೆ ತಕ್ಕುದಲ್ಲವಾದ್ದರಿಂದ ಈ ವರ್ಷದಿಂದ ಅದನ್ನು ಕೈಬಿಡತಕ್ಕದ್ದೆಂದು ತಿಳಿಸಿದೆ. ಅವರು ಅಚ್ಚರಿಪಟ್ಟರೂ ಬೇಡವೆನ್ನಲಿಲ್ಲ. ಸಂಜೆಯೊಳಗೆ ಎಲ್ಲ ತರಗತಿಗಳಿಗೂ ಸುದ್ದಿ ಮುಟ್ಟಿತು.

ಹಲಗೆಯ ಆಚೆ ಇಂದು ನಗೆಯಿರಲಿಲ್ಲ. ಪಾಠ ಸುಗಮವಾಗಿ ಸಾಗಬೇಕಾಗಿತ್ತು. ಸಾಗಲಿಲ್ಲ.

ಫೆಬ್ರವರಿ ೭, ಶುಕ್ರವಾರ

ಗಣಿತದ ಮೇಷ್ಟರು ತಾವಾಗಿ ನನ್ನ ಬಳಿಗೆ ಬಂದರು. ಅಧ್ಯಾಪಕರ ಕೊಠಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ. ತಮ್ಮನ್ನು ಅಣಕಿಸುವುದನ್ನು ಬೇಕಾದರೆ ತೆಗೆಸಿಬಿಡಿ, ಅದರಿಂದ ತಮಗೆ ಬೇಸರವಿಲ್ಲ ಎಂದರು. ಅನಂತರ ದನಿ ತಗ್ಗಿಸಿ, "ಆದ್ರೆ ಸರ್, ಒಂದು ಹುಡುಗಿ ತುಂಬಾ ಕಷ್ಟಪಟ್ಟು ತಯಾರಾಗಿದ್ದಾಳೆ. ಅವಳದೊಂದನ್ನ ಮಾತ್ರ ಬಿಡಿ. ಒಂದು ಐದು ನಿಮಿಷ" ಎಂದು ಕೇಳಿಕೊಂಡರು.

ಯಾವ ಹುಡುಗಿ, ಯಾರ ಅಣಕ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ತನ್ನ ಕೀರ್ತಿಯನ್ನು ಹಿಂಬಾಗಿಲಿನಿಂದ ಒಳಗೆ ತರುತ್ತಿದ್ದಾನೆಂದು ಭಾವಿಸಿ, "ಒಬ್ಬರಿಗೊಂದು, ಇನ್ನೊಬ್ಬರಿಗೊಂದು ನಿಯಮವಾಗಲಾರದು ಮೇಷ್ಟ್ರೇ" ಎಂದುಬಿಟ್ಟೆ.

ಆತ ಬಾಗಿಲವರೆಗೆ ಹೋಗಿ, ಏನೋ ಹೇಳಲು ತಿರುಗಿ, ಹೇಳದೆ ಹೋದರು. ಮಾತಿನ ಮಲ್ಲನನ್ನು ಮಾತಿಲ್ಲದೆ ಕಳಿಸಿದೆನೆಂಬ ಹೆಮ್ಮೆ ಊಟದ ಹೊತ್ತಿನವರೆಗೂ ಇತ್ತು.

ಫೆಬ್ರವರಿ ೧೨, ಬುಧವಾರ

ಇಂದು ನಡೆದುದನ್ನು ಕ್ರಮವಾಗಿ ಬರೆಯಬೇಕು.

ಶಾಲೆ ಬಿಟ್ಟ ಮೇಲೆ ಮರೆತ ಕೊಡೆಗಾಗಿ ನನ್ನ ಕೊಠಡಿಗೆ ಹಿಂದಿರುಗಿದೆ. ಒಳಗೆ ಕಾಲಿಡುವಷ್ಟರಲ್ಲಿ ಹಲಗೆಯ ಆಚೆಯಿಂದ ನನ್ನ ದನಿ ಕೇಳಿಸಿತು. ನನ್ನದೇ ದನಿ. ಸ್ವಲ್ಪ ಎಳೆಯದು, ಸ್ವಲ್ಪ ತೆಳುವಾದುದು. ಆದರೆ ಏರಿಳಿತ, ನಿಲುಗಡೆ, ನಿಲುಗಡೆಯಲ್ಲಿ ಮೂಗಿನಿಂದ ಹೊರಡುವ ಆ ಸಣ್ಣ ಉಸಿರು, ಎಲ್ಲವೂ ನನ್ನವೇ. ಅದು ಹೀಗೆ ಹೇಳುತ್ತಿತ್ತು:

"ಎಲೈ ವಿದ್ಯಾರ್ಥಿಗಳಿರಾ, ಗಂಟೆ ಹೊಡೆದ ಮೇಲೆಯೂ ಬಾಗಿಲಲ್ಲಿ ನಿಂತು, ಒಂದು ಕಾಲನ್ನು ಒಳಗೂ ಇನ್ನೊಂದನ್ನು ಹೊರಗೂ ಇರಿಸಿ, ತಾನು ಬರುತ್ತಿರುವವನೋ ಹೋಗುತ್ತಿರುವವನೋ ಎಂಬುದು ನೋಡುವವರಿಗಿರಲಿ ತನಗೇ ತಿಳಿಯದಂತೆ, ಅರ್ಥಾತ್ ಸಂಧಿಯೂ ಅಲ್ಲದ ಸಮಾಸವೂ ಅಲ್ಲದ ಸ್ಥಿತಿಯಲ್ಲಿ ತೂಗಾಡುತ್ತಿರುವ ಈ ಮಹನೀಯನನ್ನು, ಕರುಣೆಯಿಂದಲೋ ಕೈಯಿಂದಲೋ, ಅರ್ಥಾತ್ ಹೇಗಾದರೂ ಸರಿ..."

ಇಲ್ಲಿ ಉಸಿರು ಸಾಲದೆ ದನಿ ನಿಂತಿತು. ಹಲಗೆಯ ಸಂದಿನಿಂದ ನೋಡಿದೆ. ಹಿರಿಯನಾದವನು ಮಾಡತಕ್ಕ ಕೆಲಸವಲ್ಲವೆಂದು ತಿಳಿದೂ ನೋಡಿದೆ. ಕಪ್ಪುಹಲಗೆಯ ಮುಂದೆ ನಿಂತಿದ್ದವಳು ರೇಡಿಯೋ ಎಂಬ ಆ ಹುಡುಗಿ. ಗಣಿತದ ಮೇಷ್ಟರು ಬಾಗಿಲಲ್ಲಿ ಒಂದು ಕಾಲನ್ನು ಒಳಗೂ ಒಂದನ್ನು ಹೊರಗೂ ಇಟ್ಟುಕೊಂಡು, ತಪ್ಪಿತಸ್ಥ ಹುಡುಗನಂತೆ ನಿಂತಿದ್ದರು.

"'ಎಳೆದುಕೊಳ್ಳಿರಿ' ಅನ್ನೋದು ಅಲ್ಲಿ ಬರಬೇಕು ಕಣಮ್ಮ" ಎಂದರು ಆತ. "ನೀನು ಅವಸರ ಮಾಡ್ತೀಯ. ಅವರು ಕ್ರಿಯಾಪದನ ಕೊನೇವರೆಗೂ ಬಿಡಲ್ಲ. ಕೈ ಹಿಡ್ಕೊಂಡು ಊರೆಲ್ಲ ಸುತ್ತಿಸಿ, ಕೊನೇಲಿ ಮನೆ ಬಾಗಿಲಿಗೆ ತಂದು ಬಿಡ್ತಾರೆ. ಅಲ್ಲೀವರೆಗೂ ನಾವೆಲ್ಲ ಉಸಿರು ಬಿಗಿ ಹಿಡ್ಕೊಂಡಿರ್ತೀವಿ, ಅದೇ ಮಜ."

"ಕಷ್ಟ ಸರ್ ಇದು" ಎಂದಳು ಹುಡುಗಿ. "ನಮ್ಮಣ್ಣನ ಕ್ಲಾಸಲ್ಲೂ ಒಬ್ಬ ಪ್ರಯತ್ನಪಟ್ಟಿದ್ನಂತೆ. ಅರ್ಧ ವಾಕ್ಯದಲ್ಲೇ ಸೋತು ಬಿಟ್ಟುಬಿಟ್ನಂತೆ. ಪ್ರತಿ ವರ್ಷ ಯಾರಾದ್ರೂ ಶುರು ಮಾಡ್ತಾರೆ, ಯಾರಿಗೂ ಮುಗ್ಸೋಕಾಗಿಲ್ಲ. ಬೇರೆಯವರನ್ನ ಅಣಕಿಸೋಕೆ ಕೆಮ್ಮಿದ್ರೆ ಸಾಕು. ಇವರನ್ನ ಅಣಕಿಸೋಕೆ ಭಾಷೆ ಬರಬೇಕು." ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, "ಈಗ್ಯಾಕೆ ಸರ್ ಇದೆಲ್ಲ? ಹೇಗೂ ಬೇಡ ಅಂದ್ರಲ್ಲ" ಎಂದಳು.

"ಬೇಡ ಅಂದ್ರೆ ಅನ್ಲಿ. ಕಲ್ತಿದ್ದನ್ನ ಅರ್ಧಕ್ಕೆ ಬಿಡ್ತಾರಾ? ಇನ್ನೊಂದ್ಸಲ ಹೇಳು. ನಾನೂ ದಿನಾ ಈ ಹಲಗೆಗೆ ಕಿವಿ ಕೊಟ್ಟು ಕಲ್ತಿದ್ದು, ಅಷ್ಟು ಸುಲಭಕ್ಕೆ ಬರಲ್ಲ."

ನಾನು ಕೊಡೆಯನ್ನು ತೆಗೆದುಕೊಳ್ಳದೆ ಮನೆಗೆ ಬಂದೆ.

'ಅರ್ಥಾತ್' ಎಂಬ ಪದವನ್ನು ನಾನು ಅಷ್ಟೊಂದು ಸಲ ಬಳಸುವುದಿಲ್ಲ. ಆ ಒಂದಂಶದಲ್ಲಿ ಹುಡುಗಿ ಅತಿಶಯೋಕ್ತಿ ಮಾಡಿದ್ದಾಳೆ.

ಫೆಬ್ರವರಿ ೧೩, ಗುರುವಾರ

ನಿದ್ರೆ ಸರಿಯಾಗಿ ಬಂದಿಲ್ಲ. ದೇವರ ಮುಂದೆ ಕುಳಿತರೆ ಪ್ರಾರ್ಥನೆಯ ಬದಲು ಆ ವಾಕ್ಯವೇ ಬಾಯಿಗೆ ಬರುತ್ತದೆ.

ಫೆಬ್ರವರಿ ೧೮, ಮಂಗಳವಾರ

ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. ಬೇರೆಯವರ ದೀಪ ಆರಿಸಲು ಹೋಗಿ ನಮ್ಮ ಮನೆಯನ್ನೇ ಕತ್ತಲೆ ಮಾಡಿಕೊಂಡಿರೆಂದು ಅವಳು ಹೇಳಬಹುದಾಗಿತ್ತು. ಹೇಳಲಿಲ್ಲ. "ಹೋಗಿ ಕೇಳಿ. ತಪ್ಪೇನು?" ಎಂದಷ್ಟೇ ಹೇಳಿ ಅಂಗಿಗೆ ಗುಂಡಿ ಹೊಲಿಯುವುದನ್ನು ಮುಂದುವರಿಸಿದಳು.

ಕೇಳುವುದೆಂದರೆ ಏನೆಂದು ಕೇಳುವುದು? ನನ್ನನ್ನು ಅಣಕಿಸುವ ಕೃಪೆ ಮಾಡಿರೆಂದು ಬೇಡಿದಂತಾಗುವುದಿಲ್ಲವೇ? ಗೋಡೆಯ ಸಂದಿನಿಂದ ಇಣುಕಿದೆನೆಂದು ಒಪ್ಪಿದಂತಾಗುವುದಿಲ್ಲವೇ? ಆದರೂ ಹೋದೆ. ಅಣಕವನ್ನು ನಿಲ್ಲಿಸಿದ್ದು ಅತಿಯಾಯಿತೇನೋ, ಮರಳಿ ಸೇರಿಸಬಹುದೇ ಎಂದು ಮುಖ್ಯೋಪಾಧ್ಯಾಯಿನಿಯವರಲ್ಲಿ ವಿಜ್ಞಾಪಿಸಿದೆ.

"ಸರ್, ಈಗ ಆಗಲ್ಲ" ಎಂದರು ಅವರು. "ಆ ಹೊತ್ತಿಗೆ ಬೇರೆ ಕಾರ್ಯಕ್ರಮ ಹಾಕಿ ಆಯ್ತು. ನಿಜ ಹೇಳ್ಬೇಕಂದ್ರೆ, ಈ ವರ್ಷವಾದ್ರೂ ನನ್ನ ಕೆಮ್ಮು ತಪ್ಪಿತಲ್ಲ ಅಂತ ನನಗೂ ನೆಮ್ಮದಿ ಆಗಿತ್ತು." ಆಮೇಲೆ ಸಮಾಧಾನದ ದನಿಯಲ್ಲಿ, ಎಂದಿನಂತೆ ಕೊನೆಯಲ್ಲಿ ಹಿರಿಯರ ಹಿತವಚನ ನನ್ನದೇ, ಬೇಕಾದಷ್ಟು ಹೊತ್ತು ಮಾತಾಡಿರೆಂದರು.

ಕಾರಿಡಾರಿನಲ್ಲಿ ಆ ಹುಡುಗಿ ಎದುರಾದಳು. ನಮಸ್ಕಾರ ಮಾಡಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ನನ್ನ ದನಿಯನ್ನು ಗಂಟಲಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಿರುವ ಕಳ್ಳಿ. ಅವಳು ಕದ್ದದ್ದನ್ನು ಬಳಸದಂತೆ ತಡೆದವನು ನಾನು.

ಫೆಬ್ರವರಿ ೨೧, ಶುಕ್ರವಾರ

ಸಭಾಂಗಣ ತುಂಬಿತ್ತು. ಹಾಡು, ನೃತ್ಯ, ಬಹುಮಾನ ಎಲ್ಲ ಮುಗಿದು, ಹಿರಿಯರ ಹಿತವಚನವೆಂದು ನನ್ನ ಹೆಸರನ್ನು ಕರೆದರು. ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡು, ಆಕಳಿಸಲು ಬಾಯನ್ನು ಸಿದ್ಧಪಡಿಸಿಕೊಂಡರು. ಮೈಕಿನ ಮುಂದೆ ನಿಂತು, ನಾನು ಹೇಳಬೇಕಾದುದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರೊಬ್ಬರು ಈ ಸಭೆಯಲ್ಲಿದ್ದಾರೆ, ನನ್ನ ಪಾಲಿನ ಹೊತ್ತನ್ನು ಅವರಿಗೆ ಬಿಟ್ಟುಕೊಡುತ್ತೇನೆ ಎಂದೆ. ಎಲ್ಲರೂ ಗಣಿತದ ಮೇಷ್ಟರ ಕಡೆ ತಿರುಗಿದರು. ಆಗಲೂ ನನಗೆ ಸ್ವಲ್ಪ ಚುರುಕ್ಕೆಂದಿತು.

ಹುಡುಗಿಯನ್ನು ಕರೆದೆ. ಶಿಕ್ಷೆಗೆ ಬರುವವಳಂತೆ ಬಂದಳು. "ಏನು ಮಾಡ್ಲಿ ಸರ್?" ಎಂದು ಮೆಲ್ಲಗೆ ಕೇಳಿದಳು. "ನನ್ನ ಕೆಲಸ ಮಾಡು" ಎಂದು ಹೇಳಿ, ಇಳಿದು ಬಂದು, ಮುಂದಿನ ಸಾಲಿನಲ್ಲಿ ಗಣಿತದ ಮೇಷ್ಟರ ಪಕ್ಕದ ಕುರ್ಚಿಯಲ್ಲಿ ಕುಳಿತೆ.

ಅವಳು ಮೈಕನ್ನು ತನ್ನ ಎತ್ತರಕ್ಕೆ ತಗ್ಗಿಸಿದಳು. ಬಾಯಿ ತೆರೆದಾಗ ಬಂದದ್ದು ಅವಳ ಸ್ವಂತ ದನಿ, ಅದೂ ಅರ್ಧ. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನನಗೆ ತಡೆಯಲಾಗಲಿಲ್ಲ.

"ಅವಸರ ಬೇಡಮ್ಮ" ಎಂದೆ ಕುಳಿತಲ್ಲಿಂದಲೇ. "ಕ್ರಿಯಾಪದವನ್ನು ಕೊನೆಯವರೆಗೆ ಬಿಡಬೇಡ."

ಗಣಿತದ ಮೇಷ್ಟರು ತಟ್ಟನೆ ನನ್ನ ಕಡೆ ತಿರುಗಿದರು. ನಾನು ವೇದಿಕೆಯನ್ನೇ ನೋಡುತ್ತಿದ್ದೆ. ಹುಡುಗಿಯ ಕಣ್ಣು ದೊಡ್ಡದಾಯಿತು. ಆಮೇಲೆ ಚಿಕ್ಕದಾಯಿತು, ನಾನು ಪಾಠ ತೊಡಗುವಾಗ ಮಾಡಿಕೊಳ್ಳುವಂತೆ. ಕೈಯನ್ನು ಹಿಂದಕ್ಕೆ ಕಟ್ಟಿದಳು.

"ಎಲೈ ವಿದ್ಯಾರ್ಥಿಗಳಿರಾ," ಎಂದಳು.

ಅಷ್ಟಕ್ಕೇ ಸಭೆ ನಕ್ಕು ಉರುಳಿಬಿದ್ದಿತು. ಅವಳು ನನ್ನಂತೆಯೇ ನಗೆ ಮುಗಿಯುವವರೆಗೆ ಛಾವಣಿಯನ್ನು ನೋಡುತ್ತ ಕಾದಳು. ಬಾಗಿಲಲ್ಲಿ ನಿಂತ ಹುಡುಗನನ್ನು ಒಂದೇ ಉಸಿರಿನಲ್ಲಿ ಒಳಗೆ ಎಳೆದುಕೊಂಡಳು. 'ಹರಿ'ಯ ಮೂರು ಅರ್ಥಗಳನ್ನು ಬಿಡಿಸಿದಾಗ, ಅಂದು ತಲೆಬಗ್ಗಿಸಿ ಬರೆದುಕೊಂಡಿದ್ದ ಅದೇ ಮಕ್ಕಳು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನನ್ನ ಶ್ಲೇಷೆಯೇ, ನನ್ನ ಪದಗಳೇ. ನನ್ನ ಬಾಯಲ್ಲಿ ಸತ್ತದ್ದು ಅವಳ ಬಾಯಲ್ಲಿ ಎದ್ದು ಓಡಾಡಿತು. ನನ್ನ ಪಕ್ಕದಲ್ಲಿ ಯಾರೋ ಗಟ್ಟಿಯಾಗಿ ನಗುತ್ತಿದ್ದಾರೆಂದು ಗಣಿತದ ಮೇಷ್ಟರ ಕಡೆ ನೋಡಿದರೆ, ಆತ ನಗದೆ ನನ್ನನ್ನೇ ನೋಡುತ್ತಿದ್ದರು.

ಕೊನೆಯಲ್ಲಿ ಅವಳು ದನಿ ತಗ್ಗಿಸಿದಳು.

"ಈ ಬಾಗಿಲನ್ನು ದಾಟಿ ನೀವು ಹೋಗುತ್ತೀರಿ, ನಾನೂ ಹೋಗುತ್ತೇನೆ, ಇಬ್ಬರೂ ಹೋದ ಮೇಲೆ, ಬೆಂಚುಗಳ ಮೇಲೆ ಕೆತ್ತಿದ ಹೆಸರುಗಳನ್ನು ಕಾಯುತ್ತ, ಗಂಟೆ ಹೊಡೆದರೂ ಏಳದೆ, ಹೆಸರು ಕೂಗಿದರೂ ಓಗೊಡದೆ, ಈ ಕೊಠಡಿಯಲ್ಲಿ ಕುಳಿತುಕೊಳ್ಳುವ ಮೌನಕ್ಕೆ ಯಾರು ಪಾಠ ಹೇಳುವರೋ ನಾನರಿಯೆ, ಇದು ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಯಾರೂ ಬರೆದುಕೊಳ್ಳಬೇಕಾಗಿಲ್ಲ."

ಸಭೆ ನಗಲು ಹೋಗಿ, ನಡುವೆ ನಿಂತು, ಆಮೇಲೆ ಎದ್ದು ನಿಂತಿತು.

ಈ ವಾಕ್ಯವನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿದವನಲ್ಲ. ಗಣಿತದ ಮೇಷ್ಟರ ಕಿವಿಯಲ್ಲಿ, ಇದನ್ನು ನೀವು ಹೇಳಿಕೊಟ್ಟಿರೇ ಎಂದು ಕೇಳಿದೆ. "ಇಲ್ಲ ಸರ್. ಇದು ಅವಳದೇ" ಎಂದರು.

ಫೆಬ್ರವರಿ ೨೨, ಶನಿವಾರ

ಬೆಳಿಗ್ಗೆ ಹಾಲು ತರಲು ಹೋದಾಗ, ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದ ಕಿರಿಯ ತರಗತಿಯ ಇಬ್ಬರು ಹುಡುಗರು ಕೈಯನ್ನು ಹಿಂದಕ್ಕೆ ಕಟ್ಟಿ, ಛಾವಣಿಯಿಲ್ಲದುದರಿಂದ ಆಕಾಶವನ್ನು ನೋಡುತ್ತ, ಒಂದು ವಾಕ್ಯವನ್ನು ತೊಡಗಿದರು. ನಡುವೆ ಸೋತು ಕ್ರಿಯಾಪದವನ್ನು ಕೈಬಿಟ್ಟರು. ತಿದ್ದಬೇಕೆನಿಸಿತು. ತಿದ್ದಲಿಲ್ಲ; ಅಭ್ಯಾಸ ಮಾಡಿಕೊಳ್ಳಲಿ.

ಮನಸ್ಸಿನಲ್ಲಿರುವುದನ್ನು ಬರೆಯದಿದ್ದರೆ ದಿನಚರಿಯೇಕೆ? ಗಣಿತದ ಮೇಷ್ಟರ ಮೇಲೆ ನನಗೆ ಈಗ ಅಸೂಯೆಯಿಲ್ಲ. ನಾಳೆ ಊಟಕ್ಕೆ ಬರುತ್ತಿದ್ದಾರೆ, ಮನೆಯಾಕೆಯನ್ನು ನಗಿಸಲಿ. ನನಗೆ ಅಸೂಯೆಯಿರುವುದು ಆ ಹುಡುಗಿಯ ಮೇಲೆ. ನಾನು ಆಜನ್ಮ ಕಟ್ಟಿದ ವಾಕ್ಯಗಳಲ್ಲಿ ಕಟ್ಟದೆ ಉಳಿದ ಒಂದನ್ನು, ನನ್ನದೇ ನಾರಿನಿಂದ, ನನ್ನದೇ ಗಂಟು ಹಾಕಿ, ನನಗಿಂತ ಮೊದಲೇ ಅವಳು ಕಟ್ಟಿಬಿಟ್ಟಳು. ಈ ಹೊಟ್ಟೆಕಿಚ್ಚು ಆರುವ ಜಾತಿಯದಲ್ಲ. ಆರಲೆಂದು ನಾನು ಬೇಡುವುದೂ ಇಲ್ಲ.

ನುಡಿಗೊಡೆಯನಾದ ಸ್ವಾಮಿಯೇ, ಆ ಹುಡುಗಿಯ ಉಸಿರು ಅವಳ ವಾಕ್ಯಗಳಿಗಿಂತ ಉದ್ದವಾಗಿರಲಿ. ಸೊನ್ನೆಯೆಂದು ತಮ್ಮನ್ನು ಕರೆದುಕೊಂಡು ಪರರ ಬೆಲೆಯನ್ನು ಹೆಚ್ಚಿಸುವ ಆ ಕಿರಿಯರಿಗೆ ಚಹಾ ಎಂದೂ ತಪ್ಪದಿರಲಿ. ಮುಖ್ಯೋಪಾಧ್ಯಾಯಿನಿಯವರ ಕೆಮ್ಮು ವಾಸಿಯಾಗಲಿ. ಆದರೆ ಅದನ್ನು ಕೆಮ್ಮಬಲ್ಲ ಮಕ್ಕಳು ವರ್ಷವರ್ಷವೂ ಹುಟ್ಟಿಬರಲಿ. ಮನೆಯಾಕೆಯ ನಗೆ ಈ ಮನೆಯನ್ನು ಬಿಟ್ಟು ಹೋಗದಿರಲಿ. ನಕ್ಕವರಿಗೂ, ನಗಲು ಹೋಗಿ ಎದ್ದು ನಿಂತವರಿಗೂ, ಅಂಕಗಳಿಗಾಗಿ ಬರೆದುಕೊಂಡವರಿಗೂ, ಏನೂ ಬರೆದುಕೊಳ್ಳದೆ ಬಾಯನ್ನೇ ನೋಡುತ್ತ ಕುಳಿತವರಿಗೂ ಒಳಿತಾಗಲಿ.